ದೂರದರ್ಶನದ ಕಾರ್ಯಕ್ರಮವನ್ನು ಇಳಿಸಿಕೊಳ್ಳುವ ಬಗೆ

ನಮ್ಮ ಶಾಲೆಯಲ್ಲಿ ಕಲಿತು ಈಗ ಇಂಗ್ಲೆಂಡಿನಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ರಜೆಯಲ್ಲಿ ಊರಿಗೆ ಬಂದಿದ್ದಾಗ, ಮೇಲಿನ ತರಗತಿಯ ಮಕ್ಕಳೊಡನೆ ಒಂದು ಮಧ್ಯಾಹ್ನವನ್ನು ಕಳೆದರು. ಅಲ್ಲಿನ ದೂರದರ್ಶನದ ಕಾರ್ಯಕ್ರಮಗಳನ್ನು ತಾವು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕ್ರಮವನ್ನು ಅವರು ಕರಿಹಲಗೆಯ ಮೇಲೆ ಬರೆದು ವಿವರಿಸುತ್ತಿರಲು, ಬಾಲಿಕೆಯೊಬ್ಬಳು ಎದ್ದು ನಿಂತು, “ಬೇಕೆಂದಾಗ ನೋಡಲು ಅದು ಅಲ್ಲಿಯೇ ಇರುತ್ತದಲ್ಲ ಸರ್, ಇಳಿಸಿಕೊಳ್ಳುವುದೇಕೆ?” ಎಂದು ಕೇಳಿದಳು. ಪ್ರಶ್ನೆಯು ಸಣ್ಣದಲ್ಲ. ಅಂದು ಕೇಳಿದುದನ್ನೂ ಅನಂತರ ನಾವು ವಿಚಾರಿಸಿ ತಿಳಿದುದನ್ನೂ ಕೂಡಿಸಿ ಇಲ್ಲಿ ನಿರೂಪಿಸುತ್ತೇವೆ.

ಬ್ರಿಟನ್ನಿನ ಪ್ರಸಾರ ಸಂಸ್ಥೆಯಾದ ಬಿ.ಬಿ.ಸಿ.ಯು 2007ರ ಕ್ರಿಸ್‌ಮಸ್ ದಿನದಂದು ‘ಐಪ್ಲೇಯರ್’ ಎಂಬ ಸೇವೆಯನ್ನು ವಿಧ್ಯುಕ್ತವಾಗಿ ಆರಂಭಿಸಿತು. ಪ್ರಸಾರದ ವೇಳೆಗೆ ನೋಡಲಾಗದವರು ಅದೇ ಕಾರ್ಯಕ್ರಮವನ್ನು ಮುಂದೆ ಅಂತರ್ಜಾಲದ ಮೂಲಕ ನೋಡಬಹುದು. ಆದರೆ ಅದಕ್ಕೊಂದು ಅವಧಿಯುಂಟು. ಮೊದಲು ಸಾಮಾನ್ಯವಾಗಿ 7 ದಿನಗಳಿದ್ದ ಅವಧಿಯು 2014ರಲ್ಲಿ 30 ದಿನಗಳಾಯಿತು. 2019ರಿಂದೀಚೆಗೆ ಅನೇಕ ಕಾರ್ಯಕ್ರಮಗಳು ಒಂದು ವರ್ಷದವರೆಗೆ ಉಳಿಯುತ್ತವೆ. ಆ ಬಳಿಕ, ಸಂತೆ ಮುಗಿದ ಮೇಲೆ ಅಂಗಡಿ ಎತ್ತಿದಂತೆ, ಬಹಳಷ್ಟು ಕಾಣದಾಗುತ್ತವೆ.

2008ರಲ್ಲಿ ಹುಟ್ಟಿಕೊಂಡ ‘ಗೆಟ್ ಐಪ್ಲೇಯರ್’ ಎಂಬ ಸಾಧನವು ಈ ಸೇವೆಯನ್ನೇ ಆಶ್ರಯಿಸಿದುದು. ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಇದಕ್ಕೆ ಬೆಲೆಯಿಲ್ಲ. ಇದರ ಒಳಬರಹವನ್ನು ಯಾರು ಬೇಕಾದರೂ ಓದಬಹುದು. ಇದು ಬಿ.ಬಿ.ಸಿ.ಯವರು ಮಾಡಿದುದಲ್ಲ, ಉತ್ಸಾಹಿಗಳು ಮಾಡಿದುದು. ಇದನ್ನು ನಡೆಸಲು ಚಿತ್ರಗಳೂ ಇಲ್ಲ, ಒತ್ತುವ ಗುಂಡಿಗಳೂ ಇಲ್ಲ. ಪರದೆಯಲ್ಲಿ ರೋಮನ್ ಲಿಪಿಯಲ್ಲಿ ಒಂದು ಸಾಲನ್ನು ಬೆರಳಚ್ಚಿಸಬೇಕು. ಉತ್ತರವೂ ಸಾಲುಗಳಲ್ಲೇ ಬರುವುದು. ಈ ಪದ್ಧತಿಗೆ ‘ಕಮಾಂಡ್ ಲೈನ್’, ಎಂದರೆ ಆಜ್ಞೆಯ ಸಾಲು ಎಂದು ಹೆಸರು.

ಅವರು ಕೊಟ್ಟ ಉದಾಹರಣೆಯು ವಿದ್ಯಾರ್ಥಿಗಳಿಗೆ ತಕ್ಕುದಾಗಿಯೇ ಇತ್ತು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು 1825ರಲ್ಲಿ ಆರಂಭವಾದವು. ಮೈಕೇಲ್ ಫ್ಯಾರಡೆಯೇ ಅಲ್ಲಿ ಹತ್ತೊಂಬತ್ತು ಬಾರಿ ಉಪನ್ಯಾಸಮಾಲೆಯನ್ನು ನಡೆಸಿದ್ದನು. ಇಂದಿನ ಉಪನ್ಯಾಸಗಳು ದೂರದರ್ಶನದಲ್ಲಿ ಬರುತ್ತವೆ. ಅವು ಬೇಕಾದರೆ ಸಾಧನದ ಹೆಸರನ್ನು ಬರೆದು, ತೆರಪು ಬಿಟ್ಟು, ಉದ್ಧರಣ ಚಿಹ್ನೆಗಳ ನಡುವೆ ‘ಕ್ರಿಸ್‌ಮಸ್ ಲೆಕ್ಚರ್ಸ್’ ಎಂದು ಬರೆಯಬೇಕು. ಆಗ ಹೊಂದುವ ಕಾರ್ಯಕ್ರಮಗಳ ಪಟ್ಟಿ ಮೂಡುವುದು. ಪ್ರತಿಯೊಂದು ಸಾಲಿನಲ್ಲಿಯೂ ಒಂದು ಕ್ರಮಾಂಕ, ಕಾರ್ಯಕ್ರಮದ ಹೆಸರು, ವಾಹಿನಿಯ ಹೆಸರು ಮತ್ತು ‘ಪಿ.ಐ.ಡಿ.’ ಎಂಬ ಗುರುತು ಇರುತ್ತವೆ. ಮತ್ತೆ ಸಾಧನದ ಹೆಸರನ್ನು ಬರೆದು, ಎರಡು ಅಡ್ಡಗೆರೆಗಳನ್ನು ಹಾಕಿ, ‘ಗೆಟ್’ ಎಂದು ಬರೆದು ಆ ಕ್ರಮಾಂಕವನ್ನು ಕೊಟ್ಟರೆ ಕೆಲಸ ಮೊದಲಾಗುತ್ತದೆ. ಎರಡು ಗೆರೆಗಳೊಡನೆ ‘ಸಬ್‌ಟೈಟಲ್ಸ್’ ಎಂದೂ ಸೇರಿಸಿದರೆ ಮಾತಿನ ಬರಹವೂ ಬೇರೆ ಕಡತವಾಗಿ ಇಳಿಯುತ್ತದೆ. ಪರಭಾಷೆ ಕಲಿಯುವವರಿಗೆ ನಮ್ಮ ಮಟ್ಟಿಗೆ ಇದೇ ದೊಡ್ಡ ಲಾಭ. ಒಂದಕ್ಷರ ತಪ್ಪಿದರೆ ಮಾತ್ರ ಯಂತ್ರವು ಕದಲದು. ವ್ಯಾಕರಣದ ಮಾಸ್ತರರಾದರೂ ಒಮ್ಮೊಮ್ಮೆ ಕ್ಷಮಿಸುತ್ತಾರೆ!

ಒಳಗೆ ನಡೆಯುವ ಕೆಲಸವು ಇನ್ನೂ ಸ್ವಾರಸ್ಯವಾದುದು. ಒಂದು ಗಂಟೆಯ ಕಾರ್ಯಕ್ರಮವು ಅಂತರ್ಜಾಲದಲ್ಲಿ ಅಖಂಡವಾಗಿ ಹರಿದು ಬರುವುದಿಲ್ಲ. ಅದನ್ನು ಕೆಲವೇ ಸೆಕೆಂಡುಗಳ ತುಣುಕುಗಳನ್ನಾಗಿ ಕತ್ತರಿಸಿಟ್ಟಿರುತ್ತಾರೆ. ಚಿತ್ರದ ತುಣುಕುಗಳೂ ಧ್ವನಿಯ ತುಣುಕುಗಳೂ ಬೇರೆ ಬೇರೆಯಾಗಿರುವುದುಂಟು. ಯಾವ ತುಣುಕು ಎಲ್ಲಿದೆ, ಯಾವುದರ ಮುಂದೆ ಯಾವುದು ಎಂಬುದಕ್ಕೆ ಒಂದು ಸೂಚಿಪತ್ರವಿರುತ್ತದೆ. ಸಾಧನವು ಮೊದಲು ಈ ಸೂಚಿಯನ್ನು ತರಿಸಿ ಓದಿ, ತುಣುಕುಗಳನ್ನೆಲ್ಲ ಸಂಗ್ರಹಿಸುತ್ತದೆ. ಬಳಿಕ ‘ಎಫ್‌ಎಫ್‌ಎಂಪೆಗ್’ ಎಂಬ ಇನ್ನೊಂದು ಸಾಧನವು ಚಿತ್ರವನ್ನೂ ಧ್ವನಿಯನ್ನೂ ಜೋಡಿಸಿ ಒಂದೇ ಕಡತವಾಗಿ ಮಾಡುತ್ತದೆ. ಗ್ರಂಥವೊಂದನ್ನು ಹಾಳೆಹಾಳೆಯಾಗಿ ತರಿಸಿ, ಪುಟಸಂಖ್ಯೆ ನೋಡಿ ಹೊಲಿದು, ರಟ್ಟು ಕಟ್ಟಿದಂತೆಯೇ ಇದು. ತಂದುದನ್ನು ಸಾಧನವು ಲೆಕ್ಕದಲ್ಲಿ ಬರೆದಿಡುವುದರಿಂದ ಅದೇ ಕಾರ್ಯಕ್ರಮವನ್ನು ತಿಳಿಯದೆ ಎರಡನೆಯ ಬಾರಿ ತರುವುದಿಲ್ಲ. ಆಜ್ಞೆಯನ್ನು ಬರೆದಿಟ್ಟು, ನಿತ್ಯವೂ ರಾತ್ರಿ ತಾನಾಗಿ ನಡೆಯುವಂತೆ ಏರ್ಪಡಿಸಲೂ ಬಹುದು. ಚಿತ್ರಗಳನ್ನು ಒತ್ತುವ ಕ್ರಮಕ್ಕಿಂತ ಬರೆಯುವ ಕ್ರಮವನ್ನು ಬಲ್ಲವರು ಮೆಚ್ಚುವುದು ಇದಕ್ಕಾಗಿಯೇ.

ಇನ್ನು ಬಾಲಿಕೆಯ ಪ್ರಶ್ನೆ. ಪ್ರಸಾರ ಮಾಡಿದವರೇ ಎಲ್ಲವನ್ನೂ ಕಾಪಾಡುತ್ತಾರೆಂದು ನಂಬುವಂತಿಲ್ಲ. 1963ರಲ್ಲಿ ಆರಂಭವಾದ ‘ಡಾಕ್ಟರ್ ಹೂ’ ಎಂಬ ಪ್ರಸಿದ್ಧ ಧಾರಾವಾಹಿಯ ಹಳೆಯ ಕಂತುಗಳನ್ನು ಬಿ.ಬಿ.ಸಿ.ಯೇ ಅಳಿಸಿತು. ಆಗ ಟೇಪು ದುಬಾರಿ; ಅಳಿಸಿ ಮತ್ತೆ ಬಳಸುವುದು ವಾಡಿಕೆ. 2013ರಲ್ಲಿ ನೈಜೀರಿಯಾದಲ್ಲಿ ಒಂಬತ್ತು ಕಂತುಗಳು ದೊರೆತುವೆಂದು ಪ್ರಕಟವಾದ ಮೇಲೂ 90ಕ್ಕಿಂತ ಹೆಚ್ಚು ಕಂತುಗಳ ಚಿತ್ರಗಳು ಸಿಕ್ಕಿರಲಿಲ್ಲ. ಆದರೂ ಅವೆಲ್ಲವುಗಳ ಧ್ವನಿಯು ಇಂದು ಉಳಿದಿದೆ. ಉಳಿಸಿದವರಾರು? ಮನೆಯಲ್ಲಿ ದೂರದರ್ಶನದ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತ ಸಾಮಾನ್ಯ ಪ್ರೇಕ್ಷಕರು, ಅವರಲ್ಲಿ ಹುಡುಗರೂ ಇದ್ದರು.

ಪೋಷಕರಿಗೆ ಒಂದು ಮಾತು. ಐಪ್ಲೇಯರ್ ಬ್ರಿಟನ್ನಿನೊಳಗಿನವರಿಗೆ ಮಾತ್ರ ಸಲ್ಲುವ ಸೇವೆ. 2016ರ ಸೆಪ್ಟೆಂಬರ್ 1ರಿಂದ ಅದರಲ್ಲಿ ಬಿ.ಬಿ.ಸಿ. ಕಾರ್ಯಕ್ರಮ ನೋಡಲು ಅಲ್ಲಿನವರಿಗೂ ದೂರದರ್ಶನದ ಲೈಸೆನ್ಸು ಬೇಕು. ಇಳಿಸಿಕೊಳ್ಳುವುದಕ್ಕೆ ಬಿ.ಬಿ.ಸಿ.ಯದೇ ಆದ ಏರ್ಪಾಡು ಬೇರೆಯುಂಟು. ಅದರಲ್ಲಿ ಇಳಿಸಿದುದು ಅವಧಿ ತೀರಿದೊಡನೆ ತೆರೆಯದು. ಪರರ ಕೃತಿಯನ್ನು ಇಳಿಸಿ ಹಂಚುವುದು, ಮಾರುವುದು ಎಲ್ಲಿಯೂ ಒಪ್ಪತಕ್ಕುದಲ್ಲ.

ನಮ್ಮದೇ ಸ್ವತ್ತಿನ ವಿಷಯ ಹಾಗಲ್ಲ. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಆಡಿದ ಯಕ್ಷಗಾನವನ್ನು ಯೂಟ್ಯೂಬಿಗೆ ಏರಿಸಿದ್ದೆವು. ಮೂಲ ಚಿತ್ರವಿದ್ದ ಫೋನು ಮಳೆಗಾಲದಲ್ಲಿ ನೀರಿಗೆ ಬಿದ್ದು ಕೆಟ್ಟುಹೋಯಿತು. ಅಂದಿನ ಮಾತುಕತೆಯ ಬಳಿಕ ನಮ್ಮ ಖಾತೆಯಿಂದಲೇ ಅದನ್ನು ಇಳಿಸಿಕೊಂಡು, ಒಂದು ಪ್ರತಿಯನ್ನು ಕಚೇರಿಯ ಕಂಪ್ಯೂಟರಿನಲ್ಲಿಯೂ ಮತ್ತೊಂದನ್ನು ವಾಚನಾಲಯದಲ್ಲಿಯೂ ಇರಿಸಿದ್ದೇವೆ. ಚಿತ್ರವು ಮೊದಲಿನಷ್ಟು ಸ್ಪಷ್ಟವಾಗಿಲ್ಲ; ಚೆಂಡೆಯ ಸದ್ದು ಮಾತ್ರ ಚೆನ್ನಾಗಿ ಕೇಳುತ್ತದೆ.