ಹಂಪೆ ಮರುಭೂಮಿಯೇ? — ಇಂಗ್ಲಿಷ್ ಪದಗಳ ಸ್ವರಾಘಾತ

ಕೆಲವು ವರ್ಷಗಳ ಹಿಂದೆ ಹಂಪೆಯ ವಿಠ್ಠಲ ದೇವಾಲಯದ ಬಳಿ ಹೊರನಾಡಿನ ಅತಿಥಿಗಳಿಗೆ ನಾವು ಇಂಗ್ಲಿಷಿನಲ್ಲಿ ಊರಿನ ಚರಿತ್ರೆಯನ್ನು ವಿವರಿಸುತ್ತಿದ್ದೆವು. ೧೫೬೫ರ ಯುದ್ಧದ ತರುವಾಯ ಜನರು ರಾಜಧಾನಿಯನ್ನು ತೊರೆದರೆಂಬುದಕ್ಕೆ ‘ಡಿಸರ್ಟ್’ ಎಂಬ ಕ್ರಿಯಾಪದವನ್ನು ಬಳಸಿ, ಒತ್ತನ್ನು ಮೊದಲ ಅಕ್ಷರದ ಮೇಲಿಟ್ಟೆವು. ಅತಿಥಿಗಳು ತುಂಗಭದ್ರೆಯನ್ನೂ ದಾರಿಯಲ್ಲಿ ಕಂಡ ಬಾಳೆತೋಟಗಳನ್ನೂ ನೆನೆದು ನಕ್ಕರು. ಅವರ ಕಿವಿಗೆ ಬಿದ್ದುದು ‘ಮರುಭೂಮಿ’.

ಲಿಪಿಯಲ್ಲಿ ಎರಡೂ ಒಂದೇ. ಲ್ಯಾಟಿನ್ ಮೂಲವೂ ಒಂದೇ. ಒತ್ತು ಮೊದಲಲ್ಲಿದ್ದರೆ ‘ಡೆಸರ್ಟ್’ ಮರುಭೂಮಿ, ಎರಡನೆಯದಕ್ಕೆ ಸರಿದರೆ ‘ಡಿಸರ್ಟ್’ ತೊರೆಯುವಿಕೆ. ಈ ಸ್ವರಾಘಾತವನ್ನು ನಮ್ಮ ಒತ್ತಕ್ಷರವೆಂದಾಗಲಿ ಛಂದಸ್ಸಿನ ಗುರುವೆಂದಾಗಲಿ ಭಾವಿಸಲಾಗದು. ಗುರುವೆಂಬುದು ಕಾಲದ ಅಳತೆ. ಸ್ವರಾಘಾತದಲ್ಲಿ ಕಾಲದೊಡನೆ ಉಸಿರಿನ ಬಲವೂ ಧ್ವನಿಯ ಏರಿಕೆಯೂ ಸೇರುತ್ತವೆ. ಒತ್ತಿಲ್ಲದ ಅಕ್ಷರದ ಸ್ವರವು ಬಹುಮಟ್ಟಿಗೆ ಕುಗ್ಗಿ ಅಸ್ಪಷ್ಟವಾಗುತ್ತದೆ. ಕನ್ನಡದಲ್ಲಿ ಅರ್ಥವನ್ನು ಬೇರ್ಪಡಿಸುವುವು ಹ್ರಸ್ವದೀರ್ಘಗಳು ಮತ್ತು ದ್ವಿತ್ವ: ಕಡು–ಕಾಡು, ಹಳಿ–ಹಳ್ಳಿ. ‘ಹಳ್ಳಿ’ಯ ಯಾವ ಅಕ್ಷರವನ್ನು ಒತ್ತಿ ನುಡಿದರೂ ಅದು ಹಳ್ಳಿಯೇ. ಆದುದರಿಂದಲೇ ಹೊಸಪೇಟೆ, ಕಂಪ್ಲಿಗಳ ಸುತ್ತಣ ಊರುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳ ಕಿವಿ ಈ ಭೇದವನ್ನು ಹಿಡಿಯುವುದಿಲ್ಲ. ಅವರು ಕಾಗುಣಿತವನ್ನಷ್ಟೇ ನಂಬುತ್ತಾರೆ. ಇವರಲ್ಲಿ ಕೆಲವರು ಮುಂದೆ ಹಂಪೆಯಲ್ಲಿ ಮಾರ್ಗದರ್ಶಕರಾಗತಕ್ಕವರು.

ಚರಿತ್ರೆಯ ಅಧ್ಯಾಪಕರಿಗೆ ಇನ್ನೆರಡು ಪದಗಳು ಮುಖ್ಯ. ಕಂಪಿಲರಾಯನ ಆಶ್ರಯ ಪಡೆದ ಬಹಾಉದ್ದೀನ್ ಗುರ್ಷಾಸ್ಪನು ಮೊದಲೊತ್ತಿನ ‘ರೆಬೆಲ್’, ಅರ್ಥಾತ್ ಬಂಡಾಯಗಾರ. ಅವನು ಮಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಕ್ರಿಯೆಯು ಎರಡನೆಯೊತ್ತಿನ ‘ರಿಬೆಲ್’. ಹಾಗೆಯೇ ಶಾಸನವು ‘ರೆಕಾರ್ಡ್’, ಸಂಗತಿಯನ್ನು ಅದರಲ್ಲಿ ದಾಖಲಿಸುವುದು ‘ರಿಕಾರ್ಡ್’. ಇಂಥ ಜೋಡಿಗಳು ಇಂಗ್ಲಿಷಿನಲ್ಲಿ ಆದಿಯಿಂದಲೂ ಇದ್ದುವಲ್ಲ. ಶರ್ಮನ್ ಎಂಬ ವಿದ್ವಾಂಸರು ಹಳೆಯ ನಿಘಂಟುಗಳನ್ನು ಶೋಧಿಸಿ ೧೯೭೫ರಲ್ಲಿ ಕೊಟ್ಟ ಎಣಿಕೆಯಂತೆ, ೧೫೭೦ರಲ್ಲಿ, ಎಂದರೆ ವಿಜಯನಗರವು ಸೋತ ಐದು ವರ್ಷಗಳ ಮೇಲೆ, ಅವು ಮೂರೇ: ಈ ಎರಡು ಮತ್ತು ‘ಔಟ್‌ಲಾ’. ೧೬೬೦ಕ್ಕೆ ೨೪, ೧೯೩೪ಕ್ಕೆ ೧೫೦. ಬಂಡಾಯಗಾರನೂ ದಾಖಲೆಯೂ ಮೊದಲ ಸಾಲಿನಲ್ಲಿರುವುದು ನಮ್ಮಂಥವರಿಗೆ ಸಂತೋಷದ ಸಂಗತಿ!

ಸಂಡೂರಿನ ಅದಿರನ್ನು ಕುರಿತ ಪಾಠದಲ್ಲಿ ಬರುವ ‘ಎಕ್ಸ್‌ಪೋರ್ಟ್’ ಕೂಡ ಹೀಗೆಯೇ: ನಾಮಪದವಾದರೆ ಮೊದಲೊತ್ತು, ಕ್ರಿಯಾಪದವಾದರೆ ಎರಡನೆಯದು. ಆದರೆ ‘ರಿಪೋರ್ಟ್’ ಎರಡರಲ್ಲಿಯೂ ಕೊನೆಯೊತ್ತನ್ನೇ ಉಳಿಸಿಕೊಂಡಿದೆ. ನಿಯಮವನ್ನು ಕಂಠಪಾಠ ಮಾಡಿಸುವವರು ಇಲ್ಲಿ ಎಡವುತ್ತಾರೆ. ನಾವು ನಿಯಮವನ್ನು ಬಿಟ್ಟು, ವಿದ್ಯಾರ್ಥಿಗಳ ಪುಸ್ತಕದಲ್ಲಿ ಒತ್ತಿರುವ ಅಕ್ಷರದ ಮೇಲೆ ಸೀಸದಕಡ್ಡಿಯಿಂದ ಗೆರೆಯೆಳೆಸಿ, ವಾಕ್ಯವನ್ನು ಗಟ್ಟಿಯಾಗಿ ಓದಿಸುತ್ತಿದ್ದೇವೆ. ಮೊದಲ ಗೆರೆ ಬಿದ್ದುದು ‘ಡಿಸರ್ಟ್’ ಪದಕ್ಕೆ.