ಜಾದೂಗಾರರಾಗಬೇಕೆಂದಿದ್ದ ಪ್ರಾಧ್ಯಾಪಕರು

ಮೈಸೂರಿನ ದರ್ಜಿಯೊಬ್ಬನ ಬಳಿಗೆ ಒಮ್ಮೆ ನೆರೆಯ ಹುಡುಗನೊಬ್ಬನು ಬಂದು ತನಗೊಂದು ಕೋಟು ಹೊಲಿದುಕೊಡಬೇಕೆಂದು ಕೇಳಿದನು. ಕೋಟು ಹೊಲಿಯುವುದೇನೋ ದರ್ಜಿಗೆ ಹೊಸದಲ್ಲ. ಆದರೆ ಈ ಕೋಟಿಗೆ ಹೊರಗೆ ಕಾಣದಂತಹ ಜೇಬುಗಳು ಬೇಕಾಗಿದ್ದುವು. ಒಳಗಡೆ ಅಲ್ಲಲ್ಲಿ ಎಲಾಸ್ಟಿಕ್ ಪಟ್ಟಿಗಳು ಬೇಕಾಗಿದ್ದುವು. ಯಾತಕ್ಕೆಂದರೆ, ಮೊಲಗಳನ್ನೂ ಹೂಗೊಂಚಲುಗಳನ್ನೂ ಬಚ್ಚಿಟ್ಟುಕೊಳ್ಳುವುದಕ್ಕೆ! ಕೋಟು ಸಿದ್ಧವಾಯಿತು. ಅದರ ಮೇಲೊಂದು ಎತ್ತರದ ಟೋಪಿ, ಕೈಯಲ್ಲೊಂದು ಮಂತ್ರದಂಡ. ಶಾಲೆಗಳಲ್ಲಿ, ಮಹಿಳಾ ಸಮಾಜಗಳಲ್ಲಿ, ಕ್ಲಬ್ಬುಗಳಲ್ಲಿ ಈ ಪುಟ್ಟ ಐಂದ್ರಜಾಲಿಕನ ಪ್ರದರ್ಶನಗಳು ನಡೆದುವು.

ಈ ಹುಡುಗನೇ ಮುಂದೆ ಅಮೆರಿಕೆಯ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿದ ಎ. ಕೆ. ರಾಮಾನುಜನ್ ಎಂದರೆ ವಾಚಕರಲ್ಲಿ ಕೆಲವರಿಗಾದರೂ ಸೋಜಿಗವಾದೀತು. ಅವರ ಕವಿತೆಗಳನ್ನು ಓದಿದವರಿಗೆ ಮಾತ್ರ ಆಗಲಾರದು. ಒಳಜೇಬಿನಿಂದ ಅನಿರೀಕ್ಷಿತವಾದುದನ್ನು ಹೊರತೆಗೆಯುವ ಅಭ್ಯಾಸವನ್ನು ಅವರು ಎಂದಿಗೂ ಬಿಡಲಿಲ್ಲ.

ಅತ್ತಿಪಟ್ಟು ಕೃಷ್ಣಸ್ವಾಮಿ ರಾಮಾನುಜನ್ ಹುಟ್ಟಿದುದು ಮೈಸೂರಿನಲ್ಲಿ, ೧೯೨೯ನೆಯ ಮಾರ್ಚಿ ೧೬ರಂದು. ತಂದೆ ಕೃಷ್ಣಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಮಗನು ಕಾಲೇಜಿನ ಮೊದಲ ವರ್ಷದಲ್ಲಿ ವಿಜ್ಞಾನವನ್ನು ಆರಿಸಿಕೊಂಡಿದ್ದನು. ಇವನಿಗೆ ಗಣಿತದ ಬುದ್ಧಿಯಿಲ್ಲವೆಂದು ತೀರ್ಮಾನಿಸಿದ ತಂದೆ, ಅವನನ್ನು ರಿಜಿಸ್ಟ್ರಾರರ ಕಚೇರಿಗೆ ಖುದ್ದಾಗಿ ಕರೆದೊಯ್ದು, ವಿಜ್ಞಾನವನ್ನು ಬಿಡಿಸಿ ಇಂಗ್ಲಿಷಿಗೆ ಸೇರಿಸಿಬಂದರಂತೆ. ಮಗನಿಗೆ ಲೆಕ್ಕ ಬಾರದೆಂದು ಒಪ್ಪಿಕೊಳ್ಳಲು ಯಾವ ತಂದೆಗೂ ಕಷ್ಟ. ಲೆಕ್ಕದ ಮೇಷ್ಟರಿಗಂತೂ ಇನ್ನೂ ಕಷ್ಟ. ಕೃಷ್ಣಸ್ವಾಮಿಯವರ ಈ ಒಂದು ಲೆಕ್ಕ ಮಾತ್ರ ತಪ್ಪಲಿಲ್ಲವೆಂದೇ ಹೇಳಬೇಕು.

ಆ ತಂದೆಯ ಚಿತ್ರವನ್ನು ರಾಮಾನುಜನ್ನರೇ ೧೯೮೯ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಬಿಡಿಸಿದ್ದಾರೆ. ತಲೆಗೆ ಅಚ್ಚುಕಟ್ಟಾದ ಬಿಳಿಯ ರುಮಾಲು, ಹಣೆಗೆ ನಾಮ, ಕೊರಳಿಗೆ ವಿಲಾಯತಿ ಟೈ, ಸಂಪ್ರದಾಯದಂತೆ ಉಟ್ಟ ಮಲ್ಲಿನ ಪಂಚೆಯ ಮೇಲೆ ಇಂಗ್ಲಿಷ್ ಸರ್ಜಿನ ಕೋಟು, ಕಾಲಿಗೆ ಚೌಕಳಿಯ ಕಾಲುಚೀಲ ಮತ್ತು ಸದ್ದುಮಾಡದ ಬೂಟು. ಒಳಮನೆಗೆ ಕಾಲಿಡುವ ಮೊದಲು ಬೂಟುಗಳನ್ನು ಜೋಪಾನವಾಗಿ ಕಳಚಿಡುವರು. ಅವರು ಖಗೋಲ ಶಾಸ್ತ್ರವನ್ನೂ ಬಲ್ಲರು, ಜಾತಕವನ್ನೂ ಬರೆಯಬಲ್ಲರು. ಮನೆಗೆ ಬರುವ ಅತಿಥಿಗಳೂ ಎರಡು ಬಗೆ: ಇಂಡಿಯಾಕ್ಕೆ ಬಂದ ಆಂಗ್ಲ ಮತ್ತು ಅಮೆರಿಕನ್ ಗಣಿತಜ್ಞರು, ಮಹಾರಾಜರಿತ್ತ ಜರತಾರಿ ಶಾಲು ಹೊದ್ದ ಪಂಡಿತರು, ಜೋಯಿಸರು.

ಆ ದಿನಗಳಲ್ಲಿ ಬರ್ಟ್ರಂಡ್ ರಸೆಲ್ಲನನ್ನು ಓದಿ ವೈಚಾರಿಕರಾಗಿದ್ದ ಮಗನಿಗೆ ಇದು ಸಹನೆಯಾಗಲಿಲ್ಲ. ನೆಪ್ಚೂನ್, ಪ್ಲೂಟೋಗಳನ್ನು ಕಂಡುಹಿಡಿದಮೇಲೆ ನಿಮ್ಮ ನವಗ್ರಹಗಳ ಗತಿಯೇನೆಂದು ಕೇಳಿದನು. ಅದಕ್ಕೆ ತಕ್ಕ ತಿದ್ದುಪಡಿ ಮಾಡಿಕೊಂಡರಾಯಿತೆಂದು ತಂದೆ ಸಲೀಸಾಗಿ ನುಡಿದರು. ಬೆಳಿಗ್ಗೆ ಮಿಂದು ಗೀತಾಪಾರಾಯಣ, ಆಮೇಲೆ ಅದೇ ಬಾಯಲ್ಲಿ ರಸೆಲ್ಲನ ಪ್ರಶಂಸೆ, ಇದು ಹೇಗೆ ಹೊಂದೀತು? ಗೀತೆಯು ಸ್ನಾನದಂತೆಯೇ ಶುಚಿತ್ವಕ್ಕೆ ಸೇರಿದುದೆಂದೂ, ಹೇಗಿದ್ದರೂ ಮಿದುಳಿಗೆ ಎರಡು ಹೋಳುಗಳುಂಟಲ್ಲವೆ ಎಂದೂ ಉತ್ತರ ಬಂದಿತು. ಹುಡುಗನು ಆಗ ನಿರುತ್ತರನಾದನು. ಆ ಉತ್ತರವನ್ನೇ ಮುಂದಿಟ್ಟುಕೊಂಡು, ಭಾರತೀಯರು ಯೋಚಿಸುವ ರೀತಿಯೊಂದುಂಟೆ ಎಂಬ ಪ್ರಶ್ನೆಯ ಮೇಲೆ ಪ್ರೌಢನಾದಾಗ ಬರೆದ ಪ್ರಬಂಧವೇ ಮೇಲೆ ಹೇಳಿದುದು. ಈಗ ಅದನ್ನು ಓದದೆ ಆ ವಿಷಯದಲ್ಲಿ ವಿದ್ವಾಂಸರು ಮಾತೆತ್ತುವುದಿಲ್ಲ.

ಆ ಮನೆಯಲ್ಲಿ ಭಾಷೆಗಳಿಗೂ ಒಂದೊಂದು ಸ್ಥಳ ಗೊತ್ತಾಗಿದ್ದಿತು. ಮಹಡಿಯ ಮೇಲೆ, ತಂದೆಯ ಪುಸ್ತಕಗಳ ನಡುವೆ, ಇಂಗ್ಲಿಷು. ಕೆಳಗೆ, ಅಡಿಗೆಮನೆಯಲ್ಲಿ ತಾಯಿಯೊಡನೆ, ತಮಿಳು. ಹೊಸಲು ದಾಟಿ ಬೀದಿಗಿಳಿದರೆ ಕನ್ನಡ. ಹುಡುಗರು ದಿನಕ್ಕೆ ಹತ್ತು ಸಾರಿ ಮೆಟ್ಟಲು ಹತ್ತಿ ಇಳಿಯುವಾಗ ಭಾಷೆಯನ್ನೂ ಬದಲಾಯಿಸುತ್ತಿದ್ದರು. ಮೈಸೂರು ಸೀಮೆಯವರಿಗೆ ಇದಕ್ಕೆ ಹೋಲಿಕೆಯನ್ನು ದೂರದಿಂದ ತರಬೇಕಾಗಿಲ್ಲ. ನಂಜನಗೂಡಿನಲ್ಲಿ ನಂಜುಂಡೇಶ್ವರನ ಗುಡಿಯ ಬಳಿ ಹರಿಯುವ ಕಪಿಲೆಯು ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣುವುದು ಈ ಎರಡೇ ನದಿಗಳಾದರೂ, ಅಲ್ಲಿ ಸ್ಫಟಿಕ ಸರೋವರವೂ ಗುಪ್ತವಾಗಿ ಕೂಡುವುದೆಂದು ನಂಬಿ ಜನರು ಅದನ್ನು ಮೂರರ ಕೂಡಲೆಂದೇ ಕರೆದರು. ರಾಮಾನುಜನ್ನರಲ್ಲಿಯೂ ಇಂಗ್ಲಿಷು ಮತ್ತು ಕನ್ನಡಗಳೆರಡು ಹೊರಗೆ ಕಾಣುತ್ತಿದ್ದುವು. ಎರಡರಲ್ಲಿಯೂ ಕವಿತೆ ಬರೆದರು. ಅಡಿಗೆಮನೆಯ ತಮಿಳು ಮಾತ್ರ ಬಹುಕಾಲ ಗುಪ್ತಗಾಮಿನಿಯಾಗಿದ್ದಿತು.

ಅದು ಮೇಲಕ್ಕೆ ಚಿಮ್ಮಿದುದು ಎಲ್ಲಿ? ಶ್ರೀರಂಗದಲ್ಲಲ್ಲ, ಮಧುರೆಯಲ್ಲಲ್ಲ, ಷಿಕಾಗೋ ನಗರದ ಒಂದು ನೆಲಮಾಳಿಗೆಯಲ್ಲಿ. ಕೊಲ್ಲಂ, ಬೆಳಗಾವಿ, ಬರೋಡಾಗಳಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದು, ೧೯೫೯ರಲ್ಲಿ ಅವರು ಹಡಗು ಹತ್ತಿ ಅಮೆರಿಕೆಗೆ ಹೋದರು. ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಅವರು ಡಾಕ್ಟರೇಟಿಗೆ ಆರಿಸಿದ ವಿಷಯ ಕನ್ನಡದ ವ್ಯಾಕರಣ. ಪದವಿ ದೊರೆತುದು ೧೯೬೩ರಲ್ಲಿ. ಅಷ್ಟರೊಳಗೆ, ೧೯೬೨ರಲ್ಲಿಯೇ, ಷಿಕಾಗೋವನ್ನು ಸೇರಿದ್ದರು. ಅಲ್ಲಿಗೆ ಹೋದ ಹೊಸದರಲ್ಲಿ ಒಂದು ಶನಿವಾರ, ಹಳೆಯ ತಮಿಳಿನ ಪ್ರಾಥಮಿಕ ವ್ಯಾಕರಣವೊಂದನ್ನು ಹುಡುಕುತ್ತ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ತಾಯಿಯ ಭಾಷೆಯೆಂಬುದು ನಿಜ, ಆದರೆ ಅದರ ಪ್ರಾಚೀನ ರೂಪವನ್ನು ಅವರು ಕಲಿತೇ ಇರಲಿಲ್ಲ. ಪಟ್ಟಿಗೆ ಸೇರದೆ ಧೂಳು ಹಿಡಿದಿದ್ದ ಮೂಲೆಯೊಂದರಲ್ಲಿ, ಯು. ವೇ. ಸ್ವಾಮಿನಾಥ ಅಯ್ಯರರು ೧೯೩೭ರಲ್ಲಿ ಸಂಪಾದಿಸಿದ್ದ 'ಕುರುಂದೊಗೈ' ಎಂಬ ಸಂಘಕಾಲದ ಸಂಕಲನ ಕೈಗೆ ಸಿಕ್ಕಿತು. ಐದೇ ವರ್ಷಗಳಲ್ಲಿ, ೧೯೬೭ರಲ್ಲಿ, ಅದರ ಆಯ್ದ ಪ್ರೇಮಗೀತೆಗಳ ಇಂಗ್ಲಿಷ್ ಅನುವಾದ ಹೊರಬಂದಿತು. ನಮ್ಮ ವಚನಗಳ ಅನುವಾದ ೧೯೭೩ರಲ್ಲಿ, ಅನಂತಮೂರ್ತಿಯವರ 'ಸಂಸ್ಕಾರ' ೧೯೭೬ರಲ್ಲಿ. ತಮ್ಮ ಪರಂಪರೆಯಾದರೂ ಹುಟ್ಟಿನಿಂದಲೇ ಕೈಸೇರುವುದಿಲ್ಲ, ದುಡಿದೇ ಗಳಿಸಬೇಕು ಎಂಬರ್ಥದ ಮಾತನ್ನು ಅವರು ಬರೆದುದು ಈ ಅನುಭವದಿಂದಲೇ.

ಅಮೆರಿಕೆಯಲ್ಲಿ ನೆಲೆಸಿದ ಭಾರತೀಯರನ್ನು ಎರಡು ಹೆಸರುಗಳ ನಡುವೆ ಅಡ್ಡಗೆರೆ ಹಾಕಿ ಬರೆಯುವುದುಂಟಷ್ಟೆ. ಆ ಅಡ್ಡಗೆರೆಯೇ ತಾವೆಂದು ರಾಮಾನುಜನ್ ಹೇಳಿಕೊಳ್ಳುತ್ತಿದ್ದರು. ಕನ್ನಡದ ಮೊದಲನೆಯ ಕವನಸಂಗ್ರಹಕ್ಕೆ ೧೯೬೯ರಲ್ಲಿ ಇಟ್ಟ ಹೆಸರನ್ನಾದರೂ ನೋಡಿರಿ: 'ಹೊಕ್ಕುಳಲ್ಲಿ ಹೂವಿಲ್ಲ'. ನಾಭಿಯಲ್ಲಿ ಕಮಲವುಳ್ಳ ಪದ್ಮನಾಭನ ವಂಶದ ಭಕ್ತರ ಮನೆಯಲ್ಲಿ ಹುಟ್ಟಿದವರು ಇಂತಹ ಹೆಸರನ್ನು ಗಂಭೀರ ಮುಖದಿಂದ ಇಟ್ಟಿರಲಾರರು. ೧೯೭೮ರಲ್ಲಿ ಬರೆದ ಕಾದಂಬರಿಯ ಹೆಸರು 'ಮತ್ತೊಬ್ಬನ ಆತ್ಮಚರಿತ್ರೆ'!

ಆದರೆ ಅವರ ನಿಜವಾದ ಹುಚ್ಚು ಕಥೆಗಳದು. ಮನೆಯ ಹೆಂಗಸರು ಮಕ್ಕಳಿಗೆ ಕೈತುತ್ತು ಹಾಕುತ್ತ ಹೇಳುವ ಕಥೆಗಳು. ಹಾಸನದಿಂದ ಬೆಳಗಾವಿಯವರೆಗೆ ಯಾವ ಅಜ್ಜಿಯನ್ನು ಕೇಳಿದರೂ ಇವುಗಳನ್ನು ವಿದ್ಯೆಯೆಂದು ಒಪ್ಪಲಾರಳು. ಇಪ್ಪತ್ತರ ಹರೆಯದಲ್ಲಿಯೇ ಅವರು ಇವನ್ನು ಕೂಡಿಡಲು ತೊಡಗಿದ್ದರು. ತಮ್ಮ ಶ್ರಮವನ್ನು ಸಮರ್ಥಿಸಲು ಅವರು ಹೇಳುತ್ತಿದ್ದುದೂ ಒಂದು ಕಥೆಯನ್ನೇ. ಮುದುಕಿಯೊಬ್ಬಳು ಬೀದಿಯ ದೀಪದ ಕೆಳಗೆ ಕಳೆದುಹೋದ ಬೀಗದಕೈಯನ್ನು ಹುಡುಕುತ್ತಿದ್ದಳು. ಎಲ್ಲಿ ಕಳೆಯಿತೆಂದು ಕೇಳಿದರೆ, ಮನೆಯೊಳಗೆ. ಒಳಗೆ ದೀಪಕ್ಕೆ ಎಣ್ಣೆಯಿಲ್ಲ, ಇಲ್ಲಿ ಬೆಳಕಿದೆ, ಅದಕ್ಕೇ ಇಲ್ಲಿ ಹುಡುಕುತ್ತಿದ್ದೇನೆ ಎಂದಳು. ನಮ್ಮ ದೇಶವನ್ನು ಅರಿಯಹೊರಟ ವಿದ್ವಾಂಸರು ಸಂಸ್ಕೃತ ಗ್ರಂಥಗಳ ಬೆಳಕಿನಲ್ಲಿಯೇ ಹುಡುಕಿದರು, ಬೀಗದಕೈ ಅಡಿಗೆಮನೆಯಲ್ಲಿದ್ದೀತು ಎಂಬುದು ಅವರ ಅಭಿಪ್ರಾಯ.

ಈ ಅಭಿಪ್ರಾಯ ತಮಾಷೆಯಾಗಿ ಕಂಡರೂ ತಮಾಷೆಯಲ್ಲ. ರಾಮಾಯಣಗಳನ್ನು ಕುರಿತ ಅವರ ಪ್ರಬಂಧದಲ್ಲಿ ಕನ್ನಡದ ಜನಪದ ಗಾಯಕನೊಬ್ಬನ ಹಾಡಿನ ಪ್ರಸ್ತಾಪವಿದೆ. ಅದರಲ್ಲಿ ಶಿವನಿತ್ತ ಮಾವಿನಹಣ್ಣಿನ ತಿರುಳನ್ನು ಹೆಂಡತಿಗೆ ಕೊಡದೆ ರಾವಣನೇ ತಿಂದುಬಿಡುತ್ತಾನೆ. ತಾನೇ ಗರ್ಭ ಧರಿಸುತ್ತಾನೆ. ತಿಂಗಳೆಂಬುದು ದಿನವಾಗಿ, ಒಂಬತ್ತನೆಯ ದಿನ ಸೀನಿದಾಗ ಮಗು ಹುಟ್ಟುತ್ತದೆ. ಸೀತುದರಿಂದ ಸೀತೆ! ಕನ್ನಡ ಬಲ್ಲವರಿಗಲ್ಲದೆ ಇನ್ನಾರಿಗೆ ಈ ಶ್ಲೇಷೆಯ ರುಚಿ ಹತ್ತೀತು? ಆದರೆ ೨೦೧೧ರಲ್ಲಿ, ಲೇಖಕರು ತೀರಿಕೊಂಡು ಹದಿನೆಂಟು ವರ್ಷಗಳಾದ ಮೇಲೆ, ಆ ಪ್ರಬಂಧವನ್ನು ದಿಲ್ಲಿ ವಿಶ್ವವಿದ್ಯಾನಿಲಯವು ಪಠ್ಯಕ್ರಮದಿಂದ ತೆಗೆದುಹಾಕಿತು. ದೊಡ್ಡ ಗದ್ದಲವೇ ಎದ್ದಿತು. ಅಜ್ಜಿಯರ ಹಾಡುಗಬ್ಬಗಳು ಕೇವಲ ಹೊತ್ತು ಕಳೆಯುವ ಮಾತುಗಳಾಗಿದ್ದರೆ ಅವುಗಳಿಗೆ ಹೆದರುವ ಕಾರಣವಿರಲಿಲ್ಲ.

ಅವರು ಮತ್ತೆ ಮತ್ತೆ ಹೇಳುತ್ತಿದ್ದ ಕಥೆಗಳಲ್ಲೊಂದು ಬಡ ವಿಧವೆಯದು. ಮಕ್ಕಳೂ ಸೊಸೆಯರೂ ಬೈಯುವರು, ದುಃಖವನ್ನು ಹೇಳಿಕೊಳ್ಳಲು ಯಾರೂ ಇಲ್ಲ. ಹೇಳದ ದುಃಖವೆಲ್ಲ ಒಳಗೆ ತುಂಬಿ ಆಕೆ ದಿನದಿನಕ್ಕೆ ದಪ್ಪವಾಗುತ್ತಾಳೆ. ಅದಕ್ಕೂ ಮನೆಯವರ ಹಂಗಣೆ ತಪ್ಪದು. ಒಂದು ದಿನ ಊರಾಚೆಯ ಮಾಡಿಲ್ಲದ ಪಾಳುಮನೆಗೆ ಹೋಗಿ, ಒಂದು ಗೋಡೆಗೆ ಹಿರಿಯ ಮಗನ ದೂರು ಹೇಳುತ್ತಾಳೆ. ಗೋಡೆ ಭಾರಕ್ಕೆ ಕುಸಿಯುತ್ತದೆ, ಆಕೆಯ ಮೈ ಹಗುರವಾಗುತ್ತದೆ. ಹೀಗೆಯೇ ನಾಲ್ಕು ಗೋಡೆಗಳೂ ಬಿದ್ದಮೇಲೆ ಹಗುರಾಗಿ ಮನೆಗೆ ಮರಳುತ್ತಾಳೆ. ಇಷ್ಟೇ ಕಥೆ. ಗಂಡಸರು ಬರೆದ ಪುರಾಣಗಳಲ್ಲಿ ಇಂತಹ ನಾಯಕಿಯನ್ನು ಹುಡುಕಿದರೂ ಸಿಕ್ಕಳು.

೧೯೭೬ರಲ್ಲಿ ಪದ್ಮಶ್ರೀ, ೧೯೮೩ರಲ್ಲಿ ಅಮೆರಿಕೆಯ ಮೆಕಾರ್ಥರ್ ಪುರಸ್ಕಾರ, ಇವೆಲ್ಲ ಬಂದುವು. ೧೯೯೩ನೆಯ ಜುಲೈ ೧೩ರಂದು, ಶಸ್ತ್ರಚಿಕಿತ್ಸೆಗಾಗಿ ಕೊಟ್ಟ ಅರಿವಳಿಕೆಯು ಮೈಗೊಗ್ಗದೆ, ಷಿಕಾಗೋದಲ್ಲಿ ತೀರಿಕೊಂಡರು. ವಯಸ್ಸು ಅರುವತ್ತನಾಲ್ಕು. ಕೂಡಿಟ್ಟಿದ್ದ ಕನ್ನಡ ಕಥೆಗಳ ಇಂಗ್ಲಿಷ್ ಸಂಪುಟವು ೧೯೯೭ರಲ್ಲಿ ಅಚ್ಚಾಯಿತು. ಅದರ ಹೆಸರಿಗೆ ಕಾರಣವಾದ ಕಥೆಯಲ್ಲಿ ಬಡ ಹುಡುಗಿಯೊಬ್ಬಳು ಎರಡು ತಂಬಿಗೆ ನೀರಿನ ಬಲದಿಂದ ಹೂಬಿಟ್ಟ ಮರವಾಗುತ್ತಾಳೆ, ಹೂ ಕಿತ್ತಮೇಲೆ ಮತ್ತೆ ಹುಡುಗಿಯಾಗುತ್ತಾಳೆ. ಆ ಹೂಗಳನ್ನು ಮಾರಿ ಅಕ್ಕತಂಗಿಯರು ತಾಯಿಗೆ ನೆರವಾಗಬೇಕೆಂದಿದ್ದರು. ೨೦೦೬ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಎಂಬ ಸಂಗೀತಕಾರರು ಈ ಕಥೆಗೆ ಆಪೆರಾದ ರೂಪ ಕೊಟ್ಟು ವಿಯೆನ್ನಾ ನಗರದಲ್ಲಿ ರಂಗಕ್ಕೆ ತಂದರು. ಮುಖ್ಯ ಪಾತ್ರಗಳು ಇಂಗ್ಲಿಷಿನಲ್ಲಿ ಹಾಡಿದುವು, ಮೇಳದವರು ಸ್ಪ್ಯಾನಿಷ್ ಭಾಷೆಯಲ್ಲಿ.