ಮಾತ್ರೆ ತಪ್ಪಿದರೆ ಮರುಕಳಿಸುವ ಮೂರ್ಛೆ

ಮೂರ್ಛೆ ಬಂದ ಮಗುವಿನ ಕೈಗೆ ಕಬ್ಬಿಣದ ಬೀಗದ ಕೈ ಕೊಡುವ ಹಳ್ಳಿಯ ರೂಢಿಯನ್ನು ಮೌಢ್ಯವೆಂದು ಹಳಿಯುವುದು ಸುಲಭ. ಆದರೆ ಆಸ್ಪತ್ರೆಗೆ ಹೋಗಿ ಔಷಧೋಪಚಾರ ಆರಂಭಿಸಿದ ಕುಟುಂಬಗಳೂ ಅದನ್ನು ನಡುವೆಯೇ ಕೈಬಿಡುವುದೇಕೆ ಎಂಬುದು ಹೆಚ್ಚು ಗಂಭೀರವಾದ ಪ್ರಶ್ನೆ.

ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ನಗರ ಹಾಗೂ ಗ್ರಾಮೀಣ ಪ್ರದೇಶಗಳ 1,02,557 ಜನರನ್ನು ಸಮೀಕ್ಷಿಸಿ, 2004ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಗರದಲ್ಲಿ ಸಾವಿರಕ್ಕೆ 5.7 ಮಂದಿಗೆ ಮೂರ್ಛೆರೋಗವಿದ್ದರೆ ಹಳ್ಳಿಗಳಲ್ಲಿ ಈ ಪ್ರಮಾಣ 11.9. 2011ರ ಜನಗಣತಿಯ ಪ್ರಕಾರ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 9,90,923. ಅದೇ ದರವನ್ನು ಅನ್ವಯಿಸಿದರೆ ಎಲ್ಲ ವಯೋಮಾನದವರೂ ಸೇರಿ ರೋಗಿಗಳ ಸಂಖ್ಯೆ ಸುಮಾರು 11,800 ಆಗುತ್ತದೆ. ಈ ರೋಗ ಅನೇಕರಲ್ಲಿ ಬಾಲ್ಯದಲ್ಲಿಯೇ ಆರಂಭವಾಗುತ್ತದೆ.

ಸೂಕ್ತ ಚಿಕಿತ್ಸೆ ದೊರೆತರೆ ಶೇ 70ರಷ್ಟು ರೋಗಿಗಳು ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಫಿನೋಬಾರ್ಬಿಟಾಲ್, ಫಿನಿಟಾಯಿನ್‌ನಂತಹ ಅಗ್ಗದ ಔಷಧಗಳಿಂದಲೇ ಹಳ್ಳಿಗಳಲ್ಲಿ ರೋಗವನ್ನು ಹತೋಟಿಗೆ ತರಬಹುದೆಂಬುದನ್ನು ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ನಡೆಸಿದ ಅಧ್ಯಯನ ತೋರಿಸಿತು. 2001ರಲ್ಲಿ ಅದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೆ ಮಕ್ಕಳ ಚಿಕಿತ್ಸೆಗೆ ತನ್ನದೇ ಆದ ಶಿಸ್ತು ಬೇಕು. ಔಷಧದ ಪ್ರಮಾಣ ಮಗುವಿನ ತೂಕವನ್ನು ಅವಲಂಬಿಸಿದೆ. ಮಗು ಬೆಳೆದಂತೆ ಹಳೆಯ ಪ್ರಮಾಣ ಸಾಲದಾಗಬಹುದು. ಫಿನೋಬಾರ್ಬಿಟಾಲ್ ಕೆಲವು ಮಕ್ಕಳಲ್ಲಿ ಅತಿ ಚಡಪಡಿಕೆ ತರುತ್ತದೆ. ಇದನ್ನು ಮೊದಲೇ ತಿಳಿಸದಿದ್ದರೆ ತಂದೆತಾಯಿ ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಮೂರ್ಛೆ ಬಾರದಿದ್ದ ಬಳಿಕವಷ್ಟೇ ವೈದ್ಯರು ಔಷಧವನ್ನು ಹಂತಹಂತವಾಗಿ ಇಳಿಸುವ ಆಲೋಚನೆ ಮಾಡುತ್ತಾರೆ. ಹಠಾತ್ತನೆ ನಿಲ್ಲಿಸಿದರೆ ಬಿಡುವಿಲ್ಲದ ಮೂರ್ಛೆ ಬಂದು ಪ್ರಾಣಕ್ಕೇ ಅಪಾಯವಾದೀತು.

ಇಲ್ಲಿ ಅರ್ಥಶಾಸ್ತ್ರದ ಸರಳ ಲೆಕ್ಕವೊಂದಿದೆ. ದೊಡ್ಡಬಳ್ಳಾಪುರದ ನೇಕಾರ ಮಗುವನ್ನು ನಗರದ ಆಸ್ಪತ್ರೆಗೆ ಕರೆತಂದ ದಿನ ಅವನ ಮಗ್ಗ ನಿಲ್ಲುತ್ತದೆ. ಹೊಸಕೋಟೆಯ ಕೂಲಿಗಾರಳಿಗೆ ದಿನದ ಸಂಬಳ ತಪ್ಪುತ್ತದೆ. ಮಾತ್ರೆಯ ಬೆಲೆ ಕಡಿಮೆಯಾದರೂ ಅದನ್ನು ತರುವ ವೆಚ್ಚ ಹೆಚ್ಚು. ತಿಂಗಳಾನುಗಟ್ಟಲೆ ಮೂರ್ಛೆ ಬಾರದಿದ್ದಾಗ ಮೊದಲು ಕಡಿತಗೊಳ್ಳುವುದು ಈ ವೆಚ್ಚವೇ.

ಆದ್ದರಿಂದ ಪರಿಹಾರವನ್ನು ಆಡಳಿತದ ನೆಲೆಯಲ್ಲಿ ಹುಡುಕಬೇಕು. ರೋಗನಿರ್ಣಯವನ್ನು ತಜ್ಞರು ಮಾಡಲಿ; ಅವರು ಸೂಚಿಸಿದ ಮಾತ್ರೆ ಪ್ರತಿ ತಿಂಗಳೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಸಿಗಲಿ. ಮೂರು ತಿಂಗಳ ದಾಸ್ತಾನು ಸದಾ ಇರಬೇಕು. ಮಗುವಿನ ತೂಕ ಹಾಗೂ ಮುಂದಿನ ಭೇಟಿಯ ದಿನಾಂಕವನ್ನು ಒಂದು ವಹಿಯಲ್ಲಿ ದಾಖಲಿಸಬೇಕು. ಮಾತ್ರೆ ಪಡೆಯಲು ಬಾರದ ಮನೆಗೆ ಆಶಾ ಕಾರ್ಯಕರ್ತೆ ಆ ವಾರದಲ್ಲಿಯೇ ಭೇಟಿ ನೀಡುವಂತಾಗಬೇಕು. ಕ್ಷಯರೋಗದ ಔಷಧ ತಪ್ಪದಂತೆ ನೋಡಿಕೊಳ್ಳುವ ಕ್ರಮವನ್ನು ರೂಪಿಸಿದ ಇಲಾಖೆಗೆ ಇದು ಅಸಾಧ್ಯವೇನಲ್ಲ.